ಕಿವಿ ತಿನ್ನುವ ಕಂಬಳಿ

ನಾನು ಒಂದು ಕರಿ ಕಂಬಳಿ. ಕಂಬಳಿ ಎಂದ ಮೇಲೆ ಹೆಗಲ ಮೇಲಿರಬೇಕು, ಇಲ್ಲವೇ ಮಲಗಿದವರ ಮೈಮೇಲಿರಬೇಕು, ದೊಡ್ಡವರು ಮನೆಗೆ ಬಂದರೆ ಅವರ ಕೆಳಗೆ ಹಾಸಿರಬೇಕು. ಇದು ನಾನು ಮಾಡಿದ ಕಟ್ಟಳೆಯಲ್ಲ, ಕುರಿ ಹುಟ್ಟಿದಾಗಿನಿಂದ ಬಂದದ್ದು. ಆದರೆ ನನ್ನನ್ನು ಎಲ್ಲಿ ಇಟ್ಟಿದ್ದಾರೆ ನೋಡಿ. ಒಂದು ತಗ್ಗು ಕೋಣೆಯ ಮಾಳಿಗೆಗೆ, ಹೊಟ್ಟೆ ಕೆಳಗೆ ಮಾಡಿ ತೂಗುಹಾಕಿದ್ದಾರೆ. ಬಾವಲಿಯಾದರೂ ತನ್ನ ಇಷ್ಟದಿಂದ ಜೋತುಬೀಳುತ್ತದೆ. ನನ್ನನ್ನು ಯಾರೂ ಒಂದು ಮಾತು ಕೇಳಲಿಲ್ಲ. ಸಿಟ್ಟು ಬರುವುದಿಲ್ಲವೇ? ಇರಲಿ, ಸಿಟ್ಟಿಗೆ ಅವಸರವಿಲ್ಲ. ಹುಟ್ಟಿದಲ್ಲಿಂದ ಶುರುಮಾಡಿ ಹೇಳುತ್ತೇನೆ.

ರಾಣೆಬೆನ್ನೂರಿನಿಂದ ಎರಡು ಹರಿದಾರಿ ದೂರದ ಒಂದು ಹಳ್ಳಿಯಲ್ಲಿ ಭರಮಪ್ಪನೆಂಬ ನೇಕಾರನ ಪಡಸಾಲೆಯಲ್ಲಿ ನಾನು ಹುಟ್ಟಿದೆ. ಹನ್ನೆರಡು ಕುರಿಗಳ ಉಣ್ಣೆ ನನ್ನ ಮೈಗೆ ಬಿದ್ದಿದೆ. ಅದನ್ನು ಬಿಡಿಸಿ, ಕಸ ಆರಿಸಿ, ರಾಟಿಗೆ ಕೊಟ್ಟು ನೂತವಳು ಭರಮಪ್ಪನ ಹೆಂಡತಿ ನೀಲವ್ವ. ಹುಣಸೆ ಬೀಜ ಹುರಿದು, ನೆನೆಹಾಕಿ, ಸಿಪ್ಪೆ ಬಿಡಿಸಿ, ಅರೆದು, ಗಂಜಿ ಕುದಿಸಿದವಳೂ ಅವಳೇ. ಆ ಗಂಜಿಯನ್ನು ಎಳೆಗಳಿಗೆ ಸವರಿ ಒಣಗಿಸಿದ ಮೇಲೆ ಭರಮಪ್ಪ ಗುಂಡಿಯ ಮಗ್ಗದಲ್ಲಿ ಕಾಲಿಳಿಬಿಟ್ಟು ಕೂತು ನನ್ನನ್ನು ನೇಯ್ದ. ಅಂಚಿಗೆ ಎರಡು ಬಿಳಿ ಗೆರೆ ಹಾಕಿದ. ಮಗ್ಗದಿಂದ ಇಳಿದಾಗ ನಾನು ಎಷ್ಟು ಬಿರುಸಾಗಿದ್ದೆನೆಂದರೆ, ಗೋಡೆಗೆ ಒರಗಿಸಿದರೆ ಹಲಗೆಯ ಹಾಗೆ ನೆಟ್ಟಗೆ ನಿಲ್ಲುತ್ತಿದ್ದೆ. ಮಳೆಹನಿ ಬಿದ್ದರೆ ಟಪಟಪ ಸದ್ದು ಮಾಡಿ ಜಾರಿಹೋಗುತ್ತಿತ್ತು. ಭರಮಪ್ಪ, ನೀಲವ್ವ ಎಂಬ ಈ ಎರಡು ಹೆಸರುಗಳನ್ನು ನೆನಪಿಟ್ಟುಕೊಳ್ಳಿ. ಮುಂದೆ ಇವನ್ನು ಹೇಳುವವರು ಯಾರೂ ಸಿಗುವುದಿಲ್ಲ.

ನನ್ನನ್ನು ಕೊಂಡವನು ಕುರಿಗಾರ ಹಾಲಪ್ಪ. ಅವನು ನನ್ನನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು ಏಳು ಮಳೆಗಾಲ ಅಡವಿ ತಿರುಗಿದ. ಏಳು ಮಳೆಗಾಲವೆಂದರೆ ಸುಮ್ಮನೆ ಅಲ್ಲ. ಮಳೆ, ಬಿಸಿಲು, ಹಳ್ಳದ ಬಂಡೆ ಎಲ್ಲ ಸೇರಿ ನನ್ನ ಮೈಯ ಗಂಜಿಯನ್ನು ಪೂರ್ತಿ ತೊಳೆದುಬಿಟ್ಟವು. ನಾನು ಮೆತ್ತಗಾದೆ, ದಪ್ಪಗಾದೆ, ಎಳೆ ಎಳೆಯೂ ಬಿಚ್ಚಿಕೊಂಡು ಉಬ್ಬಿತು. ಮಳೆಹನಿ ಬಿದ್ದರೂ ಸದ್ದಿಲ್ಲ. ಹಾಲಪ್ಪನಿಗೆ ಬೆಚ್ಚಗೆ ಅನಿಸುತ್ತಿತ್ತು, ಕೊಪ್ಪೆಯೊಳಗೇ ತೂಕಡಿಸುತ್ತಿದ್ದ.

ಒಂದು ದಿನ ಮಧ್ಯಾಹ್ನದ ಜಿಟಿಜಿಟಿ ಮಳೆಯಲ್ಲಿ ಅವನು ಹಾಗೇ ಕೂತಿದ್ದಾಗ ಹಿಂದಿನ ಕುರುಚಲಿನಿಂದ ತೋಳ ಬಂತು. ಕುರಿಗಳು ಒದರಿದವು. ಅವನಿಗೆ ಕೇಳಲಿಲ್ಲ. ಎರಡು ಮರಿ ಹೋದ ಮೇಲೆ ಎದ್ದು ನೋಡಿದ. ತೋಳಕ್ಕೆ ಬೈಯಲಿಲ್ಲ, ತನ್ನ ನಿದ್ದೆಗೆ ಬೈದುಕೊಳ್ಳಲಿಲ್ಲ. ನನ್ನನ್ನು ಕಿತ್ತು ಜಾಲಿ ಮುಳ್ಳಿನ ಮೇಲೆ ಎಸೆದ.

"ಕಿವಿ ತಿನ್ನೋ ಕಂಬಳಿ ಇದು! ಹೊಸಾದಿದ್ದಾಗ ಹುಲ್ಲಾಗ ಹಾವು ಹರದ್ರ ಕೇಳತಿತ್ತು. ಈಗ ನನ್ನ ಕಿವಿನ ತಿಂದ ಬಿಟ್ಟೇತಿ!"

ಬುತ್ತಿ ತಂದಿದ್ದ ಅವನ ಮಗಳು ದ್ಯಾಮವ್ವ ಆಗ ಒಂಬತ್ತು ವರ್ಷದವಳು. ಮುಳ್ಳಿನಿಂದ ನನ್ನನ್ನು ಬಿಡಿಸಿ, ಮಡಚಿ, ತಲೆಯ ಮೇಲಿಟ್ಟುಕೊಂಡು ಮನೆಗೆ ತಂದಳು. ಅಂದಿನಿಂದ ನಾನು ಅವಳ ಕಂಬಳಿ. ಮದುವೆಯಾಗಿ ರಾಣೆಬೆನ್ನೂರಿಗೆ ಹೋದಾಗ ನಾನೂ ಹೋದೆ. ಅವಳ ಮಗ ಮಾಲತೇಶ ಹುಟ್ಟಿದಾಗ ನನ್ನ ನಾಲ್ಕು ಮೂಲೆ ಎತ್ತಿ ಜೋಳಿಗೆ ಕಟ್ಟಿ ಅವನನ್ನು ತೂಗಿದರು. ಆಮೇಲೆ ನನ್ನ ಮೇಲೆ ಮೆಣಸಿನಕಾಯಿ ಒಣಹಾಕಿದರು, ಶೇಂಗಾ ಸುರಿದರು. ಅದಕ್ಕೆಲ್ಲ ನನ್ನ ತಕರಾರಿಲ್ಲ, ಅದು ಮನೆಗೆಲಸ.

ತಕರಾರು ಇರುವುದು ಮಾಲತೇಶನ ಮೇಲೆ. ಅವನು ದೊಡ್ಡವನಾಗಿ ಮೈಕ್‌ಸೆಟ್ಟು ಮತ್ತು ಶಾಮಿಯಾನದ ಅಂಗಡಿ ಇಟ್ಟ. ಜೋಳಿಗೆಯಲ್ಲಿ ತೂಗಿದ ಕಂಬಳಿಯನ್ನು ಒಯ್ದು ಸೊಂಟದೆತ್ತರದ ಸ್ಪೀಕರ್ ಪೆಟ್ಟಿಗೆಯ ಅಡಿಗೆ ಹಾಕಿದ. ಟೆಂಪೋದಲ್ಲಿ ಪೆಟ್ಟಿಗೆಗೆ ಪೆಟ್ಟಾಗಬಾರದಂತೆ. ನನಗೆ ಆದರೆ ನಡೆಯುತ್ತದೆ! ಮದುವೆ ಮನೆಗಳಲ್ಲಿ ಆ ಪೆಟ್ಟಿಗೆಯ ಗುದ್ದನ್ನು ನನ್ನ ಬೆನ್ನಿನ ಮೇಲೆ ತಿಂದವನು ನಾನು.

ಇನ್ನು ಆ ಕೋಣೆಯ ವಿಷಯ. ಮಾಲತೇಶನ ಮನೆಯ ಹಿಂದಿನ ಕೋಣೆ ಹನ್ನೊಂದು ಅಡಿ ಎತ್ತರವಿತ್ತು. ಸಾಮಾನು ಇಡಲು ಜಾಗ ಸಾಲದೆ ಅವನು ನಡುವೆ ಒಂದು ಕಾಂಕ್ರೀಟ್ ಸ್ಲ್ಯಾಬು ಹಾಕಿಸಿದ. ಮೇಲಿನ ಭಾಗ ಪೆಟ್ಟಿಗೆಗಳಿಗೆ, ಕೆಳಗಿನ ಭಾಗ ಮನುಷ್ಯರಿಗೆ. ಕೆಳಗೆ ನಿಂತು ಕೈ ಎತ್ತಿದರೆ ಅಂಗೈ ಪೂರ್ತಿ ಸ್ಲ್ಯಾಬಿಗೆ ತಾಗುತ್ತಿತ್ತು. ನಾನಿದ್ದದ್ದು ಮೇಲೆ, ಪೆಟ್ಟಿಗೆಯ ಅಡಿಯಲ್ಲಿ. ಏಣಿಯ ಕಿಂಡಿಯಿಂದ ಕೆಳಗಿನ ಮಾತೆಲ್ಲ ಕೇಳುತ್ತಿತ್ತು.

ಮಾಲತೇಶನ ಹೆಂಡತಿ ಸುಲೋಚನಾ. ಹನ್ನೊಂದು ವರ್ಷ ಒಂದು ಖಾಸಗಿ ಶಾಲೆಯಲ್ಲಿ ಸಮಾಜ ಪಾಠ ಮಾಡಿದವಳು. ಸೇರುವ ಮಕ್ಕಳಿಲ್ಲವೆಂದು ಆ ಶಾಲೆ ಮುಚ್ಚಿತು. ಅವಳು ಓದಿದರೆ ಗದ್ದಲದ ತರಗತಿಯೂ ಸುಮ್ಮನಾಗುತ್ತಿತ್ತು ಎಂದು ಜನ ಹೇಳುತ್ತಿದ್ದರು. ಶಾಲೆ ಹೋದ ಮೇಲೆ ಆ ದನಿಗೆ ಉಳಿದದ್ದು ಗಂಡನ ಮೈಕಿನಲ್ಲಿ "ಹಲೋ, ಒಂದು, ಎರಡು, ಮೂರು" ಎಂದು ಹೇಳುವ ಕೆಲಸವೊಂದೇ. ಹಾಗಿರುವಾಗ ಹುಬ್ಬಳ್ಳಿಯ ಒಂದು ಸಂಸ್ಥೆಯವರು, ಕಣ್ಣು ಕಾಣದ ಮಕ್ಕಳಿಗೆ ಧ್ವನಿ ಪುಸ್ತಕ ಮಾಡುವವರು, ಹತ್ತನೇ ಇಯತ್ತೆಯ ಸಮಾಜ ಪುಸ್ತಕ ಓದಲು ಒಬ್ಬರನ್ನು ಹುಡುಕುತ್ತಿದ್ದರು. ನಲವತ್ತೆರಡು ಹುಡುಗಿಯರು ಆ ಪುಸ್ತಕಕ್ಕಾಗಿ ಕಾಯುತ್ತಿದ್ದರು. ಎಳ್ಳಮಾವಾಸ್ಯೆಯೊಳಗೆ ಪುಸ್ತಕ ಮುಗಿಯಬೇಕು, ಮಾರ್ಚಿನಲ್ಲಿ ಪರೀಕ್ಷೆ. ಮೊದಲು ಒಂದು ಪಾಠ ಓದಿ ಕಳಿಸಬೇಕು, ಅದು ಒಪ್ಪಿಗೆಯಾದರೆ ಮಾತ್ರ ಉಳಿದದ್ದು.

ಸುಲೋಚನಾ ಬಾಗಿಲು ಹಾಕಿಕೊಂಡು ಆ ತಗ್ಗು ಕೋಣೆಯಲ್ಲಿ ಕೂತು ಓದಿ ಕಳಿಸಿದಳು. ಎರಡು ದಿನಕ್ಕೆ ಫೋನು ಬಂತು. ಫೋನು ಮಾಡಿದವಳು ಜುಬೇದಾ, ಸಂಸ್ಥೆಯಲ್ಲಿ ಎಲ್ಲ ಧ್ವನಿಯನ್ನೂ ಕೇಳಿ ಪರೀಕ್ಷಿಸುವವಳು. ಅವಳಿಗೂ ಕಣ್ಣು ಕಾಣುವುದಿಲ್ಲ.

"ಅಕ್ಕಾರ, ನಿಮ್ಮ ದನಿ ಭಾಳ ಚಲೋ ಐತ್ರಿ. ಆದ್ರ ನೀವು ಒಬ್ಬರ ಓದಾಕತ್ತಿಲ್ಲ. ನಿಮ್ಮ ಮಾಳಿಗಿನೂ ಓದಾಕತ್ತೇತಿ."

"ಮಾಳಿಗಿ?"

"ಹೂಂನ್ರಿ. ನಿಮ್ಮ ತಲಿ ಮ್ಯಾಲ ಭಾಳ ಹತ್ರ ಏನೋ ಗಟ್ಟಿ ಐತಿ. ನೀವು ಒಂದು ಮಾತು ಅಂದ್ರ ಅದು ಹಿಂದಿಂದ ತಾನೂ ಅಂತೇತಿ. ಹುಡುಗ್ಯಾರು ದಿನಕ್ಕ ನಾಕು ತಾಸು ಕಿವಿಗೆ ಹಚ್ಚಿಕೊಂಡು ಕುಂದರ್ತಾರ್ರಿ. ಹಿಂಗಾದ್ರ ತಲಿ ಹಿಡಿತೇತಿ. ನಾನೂ ಹಂಗ ಕೇಳಿ ಕಲತಾಕಿ, ನನಗ ಗೊತ್ತೈತಿ."

ಮಾಲತೇಶನಿಗೆ ಇದು ಅವಮಾನವೆನಿಸಿತು. "ಎಕೋ ಬರ್ತೇತಂತ ತಕರಾರೇನು? ಮದವಿ ಮನ್ಯಾಗ ಎಕೋ ಹಾಕಲಿಲ್ಲಂದ್ರ ಹಾಡವರು ಮೈಕ್ ಒಗದು ಎದ್ದು ಹೊಕ್ಕಾರ! ಇಪ್ಪತ್ತು ವರ್ಷ ಆತು ಮೈಕ್ ಹಿಡದು. ನನಗ ಕಲಸ್ತಾರಿವರು."

"ಇದು ಮದವಿ ಅಲ್ರಿ, ಪಾಠ," ಎಂದಳು ಸುಲೋಚನಾ.

ಆದರೂ ಹೆಂಡತಿಯ ಮುಖ ನೋಡಿ ಅವನು ಸುಮ್ಮನಿರಲಿಲ್ಲ. ಪ್ರತಿಧ್ವನಿ ತಡೆಯುತ್ತವೆಂದು ಯಾರೋ ಹೇಳಿದ್ದಕ್ಕೆ ಮೊಟ್ಟೆಯ ಅಂಗಡಿಯಿಂದ ಇನ್ನೂರು ಖಾಲಿ ಟ್ರೇ ತಂದು ಗೋಡೆಗೂ ಸ್ಲ್ಯಾಬಿಗೂ ಅಂಟಿಸಿದ. ಹಳೆ ಕಾಗದವನ್ನು ನಾದಿ ಮಾಡಿದ ತೆಳ್ಳನೆಯ ಟ್ರೇಗಳು. ಉಣ್ಣೆಯ ಎದುರು ಅವಕ್ಕೆ ಏನು ಬೆಲೆ? ವಾರ ಕಳೆಯುವುದರೊಳಗೆ ಅವುಗಳ ಸಂದಿಯಲ್ಲಿ ಜಿರಲೆಗಳು ಬಿಡಾರ ಹೂಡಿದವು.

"ಕೋಳಿ ಗೂಡಿನ್ಯಾಗ ಕುಂತು ಇತಿಹಾಸ ಓದಬೇಕೇನ್ರಿ?" ಎಂದು ಸುಲೋಚನಾ ಕೇಳಿದಳು. ಓದಿದಳು, ಕಳಿಸಿದಳು. ಜುಬೇದಾ ಅಂದಳು: "ಚೂಪು ತುಸು ಕಡಿಮಿ ಆಗೇತ್ರಿ ಅಕ್ಕಾರ. ಡಬ್ಬಿ ದನಿ ಮಾತ್ರ ಹಂಗ ಐತಿ. ಮ್ಯಾಲ ಮೆತ್ತಂದು, ದಪ್ಪಂದು ಏನರ ಇಳಿಬಿಡ್ರಿ."

ಮೆತ್ತನೆಯದು, ದಪ್ಪನೆಯದು! ಅವರ ತಲೆಯ ಮೇಲೆಯೇ ನಾನಿದ್ದೆ, ಕಾಂಕ್ರೀಟಿನ ಆ ಬದಿಗೆ, ಪೆಟ್ಟಿಗೆಯ ಅಡಿಯಲ್ಲಿ. ಎರಡು ದಿನ ಯಾರಿಗೂ ನೆನಪಾಗಲಿಲ್ಲ. ಮೂರನೆಯ ದಿನ ಮಾಲತೇಶ ಪೆಟ್ಟಿಗೆ ಜರುಗಿಸುವಾಗ ಕಾಲಿಗೆ ತೊಡರಿದೆ. "ಅರೇ, ಇದ ಐತಲ್ಲ!" ಎಂದ.

ಕೆಳಗೆ ತಂದಾಗ ದ್ಯಾಮವ್ವ ನನ್ನನ್ನು ನೋಡಿ ಎದೆ ಬಡಿದುಕೊಂಡಳು. "ಎಂಥಾ ಗತಿಗೆ ತಂದೀಯೋ ಮಾಲತ್ಯಾ ಇದನ್ನ! ನಮ್ಮಪ್ಪನ ಕಂಬಳಿ ಇದು. ತಲಿ ಮ್ಯಾಲ ಏರಸಬೇಕಂದ್ರ ಹಿಂಗ ಮುದ್ದಿ ಆಗಿದ್ದನ್ನ ಏರಸ್ತಾರೇನು? ನಾಕು ದಿನ ತಡಿ. ಮರ್ಯಾದಿಲೆ ಮ್ಯಾಲ ಹೋಗಲಿ ಅದು."

ಅವಳು ಮಾಡಿದ್ದೇನು ಗೊತ್ತೇ? ಸಂತೆಯಿಂದ ಹುಣಸೆ ಬೀಜ ತರಿಸಿದಳು. ಹುರಿದಳು, ನೆನೆಹಾಕಿದಳು, ಮೊಣಕಾಲು ನೋವಿದ್ದರೂ ಒರಳಿನ ಮುಂದೆ ಕೂತು ಅರೆದಳು. ಗಂಜಿ ಕುದಿಸಿ ಅಂಗಳದಲ್ಲಿ ನನ್ನನ್ನು ಹರವಿ, ಎರಡೂ ಮೈಗೆ ಎರಡೆರಡು ಸಲ ಸವರಿದಳು. ಸುಳ್ಳು ಹೇಳಬಾರದು, ನನಗೂ ಖುಷಿಯಾಯಿತು. ಅರವತ್ತು ವರ್ಷದ ಮೇಲೆ ನೀಲವ್ವನ ಮನೆಯ ವಾಸನೆ ಮೂಗಿಗೆ ಬಂದಂತಾಯಿತು. ಒಣಗಿದಾಗ ಮತ್ತೆ ಹಲಗೆಯಂತೆ ನಿಂತೆ. ದ್ಯಾಮವ್ವ ಬೆರಳಿನಿಂದ ನನ್ನನ್ನು ಬಾರಿಸಿ ನೋಡಿ, "ಈಗ ನೋಡು, ಕಂಬಳಿ ಅಂದ್ರ ಹಿಂಗಿರಬೇಕು," ಎಂದು ಹಿಟ್ಟಿನ ಗಿರಣಿಗೆ ಹೋದಳು.

ಅವಳು ಅತ್ತ ಹೋದದ್ದೇ ತಡ, ಮಾಲತೇಶ ಇತ್ತ ಸುತ್ತಿಗೆ ಹಿಡಿದ. ಸ್ಲ್ಯಾಬಿನ ಟ್ರೇಗಳನ್ನು ಕಿತ್ತು, ಶಾಮಿಯಾನ ಬಿಗಿದು ಅಭ್ಯಾಸವಿದ್ದ ಕೈಯಿಂದ ನನ್ನನ್ನು ಎಳೆದು, ಒಂದು ಸುಕ್ಕೂ ಇಲ್ಲದಂತೆ ಸ್ಲ್ಯಾಬಿಗೆ ಅಂಟಿಸಿ ಹಿಡಿದು ಮೊಳೆ ಹೊಡೆದ. ಒಂದಲ್ಲ, ಎರಡಲ್ಲ, ಹದಿನಾರು ಮೊಳೆ. ಕಂಬಳಿಯನ್ನು ತುಳಿಯುವಾಗಲೂ ಚಪ್ಪಲಿ ಬಿಡುವ ಕುಲದಲ್ಲಿ ಹುಟ್ಟಿದವನು! ಗಿರಣಿಯಿಂದ ಬಂದ ದ್ಯಾಮವ್ವ ಹಿಟ್ಟಿನ ಡಬ್ಬಿ ಕೆಳಗಿಟ್ಟು ಮೇಲೆ ನೋಡಿದಳು.

"ಯವ್ವಾ! ಕಂಬಳಿಗೆ ಮೊಳಿ ಹೊಡದೀಯೇನೋ ಹಲ್ಕಾ!"

"ಬಿದ್ರ ಯಾರ ತಲಿ ಮ್ಯಾಲ ಬೀಳ್ತೇತಿ? ನಿನ್ನ ಸೊಸಿ ತಲಿ ಮ್ಯಾಲ ಅಲ್ಲೇನು?" ಎಂದ ಅವನು, ಏಣಿಯಿಂದಿಳಿಯುತ್ತಾ.

ಸುಲೋಚನಾ ಮೂರನೆಯ ಸಲ ಓದಿದಳು. ಮಾತು ಮೇಲೆ ಬಂತು. ನಾನು ಏನು ಮಾಡಲಿ? ಗಂಜಿ ಒಣಗಿ ನನ್ನ ಎಳೆ ಎಳೆಯ ನಡುವಿನ ಸಂದೆಲ್ಲ ಮುಚ್ಚಿಹೋಗಿತ್ತು. ಬೆನ್ನಿಗೆ ಕಾಂಕ್ರೀಟು, ಉಸಿರಾಡಲು ಬೆರಳಷ್ಟು ಜಾಗವಿಲ್ಲ. ಬಂದ ಮಾತನ್ನು ಬಂದ ಹಾಗೆಯೇ ಕೆಳಗೆ ಎಸೆದೆ.

"ಅಕ್ಕಾರ, ಏನು ಮಾಡಿದ್ರಿ?" ಎಂದಳು ಜುಬೇದಾ. ಅವಳ ದನಿಯಲ್ಲೇ ಸಂಕಟವಿತ್ತು. "ಹಲಗಿ ಬಡದಂಗ ಕೇಳಸ್ತೇತ್ರಿ. ಎಳ್ಳಮಾಸಿಗೆ ಇನ್ನ ಹದಿನೆಂಟು ದಿನ ಐತಿ. ನಮ್ಮ ದೊಡ್ಡವರು ಬ್ಯಾರೆ ಕಡೆ ಕೊಡೂನು ಅನ್ನಾಕತ್ತಾರ. ನಾ ಹೆಂಗರ ಮಾಡಿ ಇನ್ನೊಂದು ಸಲ ತಡದೇನಿ. ಒಂದ ಸಲ್ರಿ. ನಿಮ್ಮ ದನಿ ಬಿಡಾಕ ಮನಸಿಲ್ಲ ನನಗ."

ಫೋನು ಇಟ್ಟ ಮೇಲೆ ಸುಲೋಚನಾ ಪುಸ್ತಕ ಮುಚ್ಚಿದಳು. "ಆತು ಬಿಡ್ರಿ. ಹಲೋ, ಒಂದು, ಎರಡು, ಮೂರು ಅನ್ನೋದ ನನ್ನ ಹಣ್ಯಾಗ ಬರದೇತಿ," ಎಂದಳು. ಅಳಲಿಲ್ಲ. ಪಾಠಗಳ ನಡುವೆ ಇಟ್ಟಿದ್ದ ಬಣ್ಣದ ಚೀಟಿಗಳನ್ನು ಒಂದೊಂದಾಗಿ ತೆಗೆಯತೊಡಗಿದಳು.

ಮಾಲತೇಶ ಮೇಲೆ ನೋಡಿ, "ಈ ಮುದಿ ಕಂಬಳಿ ಏನೂ ಉಪಯೋಗಿಲ್ಲ," ಎಂದ.

ಕೇಳಿದಿರಾ? ಮೊಳೆ ಹೊಡೆದವನು ಅವನು. ಗಂಜಿ ಬಳಿದವಳು ಅವನ ಅವ್ವ. ಉಪಯೋಗವಿಲ್ಲದ್ದು ಮಾತ್ರ ನಾನು! ಹಾಲಪ್ಪ ಹೇಗೆ ತನ್ನ ನಿದ್ದೆಯನ್ನು ನನ್ನ ತಲೆಗೆ ಕಟ್ಟಿದನೋ, ಮೊಮ್ಮಗನೂ ಹಾಗೆಯೇ. ರಕ್ತವೆಂದರೆ ರಕ್ತ.

ಆ ಹೊತ್ತಿಗೆ ದ್ಯಾಮವ್ವ ಒಳಗೆ ಬಂದು ಸೊಸೆಯ ಪಕ್ಕದಲ್ಲಿ ಕೂತಳು. ಚೀಟಿ ತೆಗೆಯುತ್ತಿದ್ದ ಅವಳ ಕೈ ಹಿಡಿದಳು. "ಯಾಕವಾ, ಸುಮ್ಮನ..." ಎಂದವಳು ಅಲ್ಲಿಗೇ ನಿಂತಳು. ತನ್ನ ದನಿಯೇ ಮೇಲಿನಿಂದ ತಿರುಗಿ ಬಂದದ್ದು ಅವಳಿಗೆ ಕೇಳಿತು. "ಹೋಯ್," ಎಂದಳು. ಮತ್ತೆ, "ಹೋಯ್." ಮೆಲ್ಲಗೆ ತಲೆಯೆತ್ತಿ ನನ್ನನ್ನು ದಿಟ್ಟಿಸಿದಳು.

"ಸುಲೋಚನಾ, ತಪ್ಪು ನಂದವಾ."

"ನಿಮ್ಮದೇನ್ರಿ ಅತ್ತಿ?"

"ಕುರಿ ಕಾಯೂವಾಗ ನಮ್ಮಪ್ಪ ಈ ಕಂಬಳಿ ಹೊತಗೊಂತಿದ್ದ. ಹೊಸಾದು ಬಿರುಸಿದ್ದಾಗ ಹಾವು ಹರದ್ರೂ ಕೇಳತಿತ್ತಂತ. ಮೆತ್ತಗ ಆದ ಮ್ಯಾಲ ತೋಳ ಬಂದ್ರೂ ಕೇಳಲಿಲ್ಲ. ಕಿವಿ ತಿನ್ನೋ ಕಂಬಳಿ ಅಂತ ಮುಳ್ಳಿಗೆ ಒಗದಾ. ನಿಮಗ ಬೇಕಾಗಿದ್ದು ಅದ ಅಲ್ಲೇನು? ದನಿ ತಿನ್ನೋದು? ಮರ್ಯಾದಿ ಮಾಡ್ತೇನಂತ ಹೋಗಿ ನಾನ ಗಂಜಿ ಹಾಕಿ ಅದರ ಬಾಯಿ ಹೊಲದೇನಿ."

ಸುಲೋಚನಾ ಅತ್ತೆಯ ಮುಖ ನೋಡಿದಳು, ನನ್ನನ್ನು ನೋಡಿದಳು. ತೆಗೆದಿದ್ದ ಚೀಟಿಯೊಂದನ್ನು ಮತ್ತೆ ಪುಸ್ತಕದೊಳಗೆ ಇಟ್ಟಳು.

ಮರುದಿನ ಮೊಳೆ ಕಿತ್ತು ನನ್ನನ್ನು ಇಳಿಸಿದರು. ಅತ್ತೆ ಸೊಸೆ ಇಬ್ಬರೂ ಸೇರಿ ಅಂಗಳದ ಕಲ್ಲಿನ ಮೇಲೆ ಬಿಸಿನೀರು, ಅಂಟುವಾಳ ಹಾಕಿ ನನ್ನನ್ನು ತುಳಿದು ತೊಳೆದರು. ಗಂಜಿ ಸುಮ್ಮನೆ ಬಿಡಲಿಲ್ಲ, ಬೆಲ್ಲದ ಪಾಕದಂತೆ ಹರಿಯಿತು. ಆರು ನೀರು ಆದ ಮೇಲೆ ತಿಳಿ ಬಂತು. ಮೂರು ಬಿಸಿಲು ಒಣಗಿದೆ. ಕೋಲಿನಿಂದ ಬಡಿದು ಎಳೆ ಬಿಡಿಸಿದರು. ಇಷ್ಟು ತೊಂದರೆ ಕೊಟ್ಟ ಮೇಲೆ ನಾನು ಮೊದಲಿದ್ದ ಹಾಗಾದೆ! ಸುಮ್ಮನೆ ಬಿಟ್ಟಿದ್ದರೆ ಮೊದಲೇ ಹಾಗಿದ್ದೆನಲ್ಲ!

ಕಟ್ಟುವಾಗ ದ್ಯಾಮವ್ವ ಮಗನ ಕೈಯಿಂದ ಸುತ್ತಿಗೆ ಕಸಿದುಕೊಂಡಳು. ಸುಲೋಚನಾ ನನ್ನ ಅಂಚಿಗೆ ಬಟ್ಟೆಯ ಕಸೆಗಳನ್ನು ಹೊಲಿದಳು. ಗೋಡೆಯಿಂದ ಗೋಡೆಗೆ ಹಗ್ಗ ಎಳೆದು, ಸ್ಲ್ಯಾಬಿನಿಂದ ಒಂದು ಗೇಣು ಕೆಳಗೆ ನನ್ನನ್ನು ಕಟ್ಟಿದರು. ಮಾಲತೇಶ ಬಿಗಿಯಲು ಹೋದರೆ ದ್ಯಾಮವ್ವ ಅವನ ಕೈಗೆ ಹೊಡೆದಳು.

"ಎಳೀಬ್ಯಾಡ. ಸಡಲ ಬಿಡು. ನಿನ್ನ ತೂಗಿದ ಜೋಳಗಿ ಹೆಂಗಿತ್ತೋ ಹಂಗಿರ್ಲಿ. ಬೆನ್ನ ಹಿಂದ ಗಾಳಿ ಆಡಲಿ ಅದಕ್ಕ."

ಆಮೇಲೆ ಗೋಡೆಯ ಟ್ರೇಗಳೂ ಹೋದವು, ಜಿರಲೆಗಳ ಸಮೇತ. ಸುಲೋಚನಾ ಗಂಡನ ಶಾಮಿಯಾನದ ಬಟ್ಟೆಯ ಗಂಟುಗಳನ್ನು ನಾಲ್ಕೂ ಮೂಲೆಗೆ ಒಂದರ ಮೇಲೊಂದು ಒಟ್ಟಿದಳು. ನೆಲಕ್ಕೆ ಜಮಖಾನ ಹಾಸಿದಳು, ಬೆನ್ನ ಹಿಂದೆ ಕೌದಿ ಇಳಿಬಿಟ್ಟಳು. "ನಾಳೆ ಮದವಿ ಬಂದ್ರ ಏನು ಕಟ್ಟಲಿ ನಾ? ನಿಮ್ಮತ್ತಿ ಸೀರಿನಾ?" ಎಂದು ಮಾಲತೇಶ ಗೊಣಗಿದ. ಗೊಣಗುತ್ತಲೇ ಇನ್ನೆರಡು ಗಂಟು ಹೊತ್ತು ತಂದ.

ನಾಲ್ಕನೆಯ ಸಲ ಸುಲೋಚನಾ ನನ್ನ ಹೊಟ್ಟೆಯ ಕೆಳಗೆ ಕೂತು ಓದಿದಳು. ಆ ದನಿ ಮೇಲೆ ಬಂತು. ಎಳೆಗಳ ನಡುವೆ ಹೊಕ್ಕಿತು, ಬೆನ್ನ ಹಿಂದಿನ ಗಾಳಿಗೆ ಹೋಯಿತು, ಸ್ಲ್ಯಾಬಿಗೆ ಬಡಿದು ತಿರುಗಿ ನನ್ನೊಳಗೇ ಬಂದು ಅಲ್ಲೇ ಅಡಗಿತು. ಒಂದು ಅಕ್ಷರವನ್ನೂ ನಾನು ಕೆಳಗೆ ಬಿಡಲಿಲ್ಲ. ಏಳು ಮಳೆಗಾಲದ ಮಳೆ ನುಂಗಿದವನಿಗೆ, ಮದುವೆ ಪೆಟ್ಟಿಗೆಯ ಗುದ್ದು ತಿಂದವನಿಗೆ ಒಬ್ಬ ಹೆಣ್ಣುಮಗಳ ಮಾತು ಯಾವ ಲೆಕ್ಕ?

ಫೋನು ಬಂದಾಗ ಮೂವರೂ ಅದರ ಸುತ್ತ ಕೂತಿದ್ದರು. ಆ ಕಡೆಯಿಂದ ಜುಬೇದಾ ಅಂದಳು:

"ಅಕ್ಕಾರ, ಈಗ ನೀವು ಒಬ್ಬರ ಅದೀರಿ. ಮ್ಯಾಲ ಯಾರೂ ಇಲ್ಲ."

ದ್ಯಾಮವ್ವ ಸೊಸೆಯ ಕೆನ್ನೆ ಸವರಿ ಲಟಿಕೆ ಮುರಿದಳು. ಮಾಲತೇಶ ಓಣಿಯಲ್ಲೆಲ್ಲ, "ನಮ್ಮನ್ಯಾಗ ಸ್ಟುಡಿಯೋ ಮಾಡೇನಿ" ಎಂದು ಹೇಳಿಕೊಂಡು ಬಂದ. ಎಳ್ಳಮಾವಾಸ್ಯೆಯ ಹಿಂದಿನ ದಿನ ಪುಸ್ತಕ ಮುಗಿಯಿತು. ನಲವತ್ತೆರಡು ಹುಡುಗಿಯರ ಕಿವಿಗೆ ಹೋಯಿತು.

ನಾನು ಮಾತ್ರ ಒಂದೇ ಮಾತನ್ನು ಮೆಲುಕು ಹಾಕುತ್ತಾ ಜೋತುಬಿದ್ದಿದ್ದೆ. ಮೇಲೆ ಯಾರೂ ಇಲ್ಲವಂತೆ! ಕೆಲಸ ಕೆಟ್ಟಾಗ ಮುದಿ ಕಂಬಳಿ ಇತ್ತು, ಕೆಲಸ ಆದಾಗ ಯಾರೂ ಇಲ್ಲ.

ಆರು ವರ್ಷಗಳಾದವು. ಹದಿಮೂರು ಪುಸ್ತಕ ನನ್ನ ಕೆಳಗೆ ಮುಗಿದಿವೆ. ಪ್ರತಿ ಪುಸ್ತಕದ ಮೊದಲಿಗೆ ಸುಲೋಚನಾ ಹೇಳುತ್ತಾಳೆ: "ಓದಿದವರು ಸುಲೋಚನಾ. ಧ್ವನಿಮುದ್ರಣ ಮಾಲತೇಶ." ಮಾಲತೇಶ! ಗುಂಡಿ ಒತ್ತುವುದು, ಫ್ಯಾನು ಬಂದ್ ಮಾಡುವುದು ಇಷ್ಟೇ ಅವನ ಕೆಲಸ. ಹದಿಮೂರು ಸಲವೂ ಆ ಹೆಸರು ನನ್ನನ್ನು ದಾಟಿ ಹೋಗಿದೆ. ನನ್ನ ಮೈಗೆ ಈಗ ನುಸಿ ಹತ್ತಿದೆ. ಎಡಗಡೆಯ ಬಿಳಿ ಗೆರೆ ಮಾಸಿಹೋಗಿದೆ.

ಹೋದ ತಿಂಗಳು ಜುಬೇದಾ ಮನೆಗೆ ಬಂದಿದ್ದಳು. ಚಹ ಕುಡಿದವಳೇ, "ಕೋಣಿ ತೋರಸ್ರಿ ಅಕ್ಕಾರ," ಎಂದಳು. ಒಳಗೆ ಬಂದು ಚಪ್ಪಾಳೆ ತಟ್ಟಿದಳು. ಚಪ್ಪಾಳೆ ಅವಳ ಅಂಗೈ ಬಿಟ್ಟು ಎಲ್ಲೂ ಹೋಗಲಿಲ್ಲ. ನಕ್ಕು ಕೈ ಮೇಲೆ ಚಾಚಿದಳು. ನನ್ನ ಹೊಟ್ಟೆಗೆ ಬೆರಳು ತಾಗಿತು. ಅವಸರ ಮಾಡದೆ ಮೂಲೆಯಿಂದ ಮೂಲೆಗೆ ಸವರುತ್ತಾ ಹೋದಳು. ಅಂಚಿಗೆ ಬಂದಾಗ ಬೆರಳು ನಿಂತಿತು.

"ತೂತ ಅದಾವಲ್ರಿ ಸಾಲಾಗಿ. ಕಂಬಳಿಗೆ ಮೊಳಿ ಹೊಡದವರು ಯಾರ್ರಿ?"

ಮಾಲತೇಶ ಕೆಮ್ಮಿದ. ಆರು ವರ್ಷದಲ್ಲಿ ಅದನ್ನು ಕೇಳಿದವಳು ಅವಳೊಬ್ಬಳು.

"ಆವತ್ತು ಮ್ಯಾಲ ಯಾರೂ ಇಲ್ಲ ಅಂದಿದ್ದೆ ನಾ," ಎಂದಳು ಜುಬೇದಾ, ಕೈ ತೆಗೆಯದೆ. "ತಪ್ಪಾತು. ಇದ್ರು. ಯಾರದ್ರಿ ಇದು?"

"ನಮ್ಮಪ್ಪಂದವಾ," ಎಂದಳು ದ್ಯಾಮವ್ವ. "ಹಾಲಪ್ಪಂದು."

"ಹಂಗಾದ್ರ ಮುಂದಿನ ಪುಸ್ತಕದಾಗ ಹೆಸರು ಹೇಳ್ರಿ ಅಕ್ಕಾರ. ಹುಡುಗ್ಯಾರಿಗೆ ಗೊತ್ತಾಗಲಿ."

ನಿನ್ನೆ ಹದಿನಾಲ್ಕನೆಯ ಪುಸ್ತಕ ಶುರುವಾಯಿತು. ಸುಲೋಚನಾ ಗಂಟಲು ಸರಿಮಾಡಿಕೊಂಡು ಓದಿದಳು: "ಓದಿದವರು ಸುಲೋಚನಾ. ಧ್ವನಿಮುದ್ರಣ ಮಾಲತೇಶ. ಕಂಬಳಿ, ಕುರಿಗಾರ ಹಾಲಪ್ಪನವರದು."

ಹಾಲಪ್ಪನವರದು! ನನ್ನನ್ನು ಮುಳ್ಳಿಗೆ ಎಸೆದವನದು! ನೂತವಳು ನೀಲವ್ವ, ನೇಯ್ದವನು ಭರಮಪ್ಪ. ಅವರ ಹೆಸರು ಈ ಮನೆಯಲ್ಲಿ ಯಾರಿಗೂ ತಿಳಿಯದು, ತಿಳಿದವನು ನಾನೊಬ್ಬನೇ. ಕೂಗಿ ಹೇಳೋಣವೆಂದರೆ ನನಗೆ ದನಿ ನುಂಗಲು ಬರುತ್ತದೆಯೇ ಹೊರತು ಎತ್ತಲು ಬರುವುದಿಲ್ಲ. ಅದಕ್ಕೇ ಇಷ್ಟೆಲ್ಲ ನಿಮ್ಮ ಮುಂದೆ ಹೇಳಿದ್ದು.

ಆದರೂ "ಕಂಬಳಿ" ಎಂಬ ಆ ಮೂರಕ್ಷರ ಕೆಳಗಿನಿಂದ ಬೆಚ್ಚಗೆ ಮೇಲೆ ಬಂತು. ಇದೊಂದನ್ನಾದರೂ ತಿರುಗಿ ಕೆಳಗೆ ಕಳಿಸೋಣ, ಹುಡುಗಿಯರಿಗೆ ಎರಡು ಸಲ ಕೇಳಲಿ ಎಂದುಕೊಂಡೆ. ಆಗಲಿಲ್ಲ. ಹಳೆಯ ಅಭ್ಯಾಸ, ಅದನ್ನೂ ತಿಂದುಬಿಟ್ಟೆ.